ಕಳುಹಿಸುವ ಮುನ್ನ ಕೇಳಬೇಕಾದ ಮಾತು



ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಯಗಟಿಯ ಕಡೆ ಆಳಿನ ಮಾತೇ ಮಾತು. ಕೊನೆ ಇಳಿಸುವವರು ಬೇಕು, ಹೊರುವವರು ಬೇಕು, ರಾತ್ರಿ ಕೂತು ಸುಲಿಯುವವರು ಬೇಕು, ಹಂಡೆಯ ಮುಂದೆ ನಿಂತು ಬೇಯಿಸುವವರು ಬೇಕು. ಮೊದಲೆಲ್ಲ ಊರಿನವರು, ಪಕ್ಕದ ತಾಂಡಾದವರು ಸಾಕಾಗುತ್ತಿದ್ದರು. ಅದೇ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಹೆಂಗಸರು ಮಕ್ಕಳ ಸಮೇತ ಕಾಫಿ ಸೀಮೆಗೆ ಗುಳೆ ಹೋಗುತ್ತಿದ್ದರು. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರಿನ ಲೈನ್ ಮನೆಗಳು ನಮ್ಮ ಬಯಲುಸೀಮೆಯವರಿಂದಲೇ ತುಂಬುತ್ತಿದ್ದವು. ಅವರ ಮಕ್ಕಳು ಈಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಾರೆ. ಅವರು ಬಿಟ್ಟ ಜಾಗಕ್ಕೆ ಅಸ್ಸಾಮಿನವರು, ಬಂಗಾಳದವರು, ಬಿಹಾರದವರು ಬಂದಿದ್ದಾರೆ. ಕಡೂರು, ಬೀರೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಬ್ಯಾಗು ಹೊತ್ತು ಇಳಿಯುವ ಹುಡುಗರನ್ನು ನೀವೂ ನೋಡಿರುತ್ತೀರಿ.

ಅವರ ಹಿಂದೆಯೇ ಒಂದು ಪ್ರಶ್ನೆಯೂ ಬಂದಿದೆ. ಇವರು ನಿಜವಾಗಿ ಅಸ್ಸಾಮಿನವರೋ, ಬಾಂಗ್ಲಾದೇಶದವರೋ? ಟೀ ಅಂಗಡಿಯಲ್ಲಿ ಈ ಮಾತು ಕೇಳಿಬರುತ್ತದೆ, ಬೆಳೆಗಾರರ ಸಭೆಗಳಲ್ಲಿ ಕೇಳಿಬರುತ್ತದೆ, ಪೊಲೀಸ್ ಠಾಣೆಯಲ್ಲೂ ಕೇಳಿಬರುತ್ತದೆ. 2020ರ ಜನವರಿಯಲ್ಲಿ ಕೊಡಗಿನ ತೋಟಗಳ ಸಾವಿರಾರು ಹೊರರಾಜ್ಯದ ಕಾರ್ಮಿಕರನ್ನು ಪೊಲೀಸರು ಕರೆಸಿ, ಸಾಲಾಗಿ ನಿಲ್ಲಿಸಿ ದಾಖಲೆ ನೋಡಿದ್ದರು. ಪ್ರಶ್ನೆ ಕೇಳುವುದು ತಪ್ಪಲ್ಲ. ಅದನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು, ಉತ್ತರ ಹೇಳಲು ಎಷ್ಟು ಸಮಯ ಕೊಡಬೇಕು, ಆಮೇಲೆ ಏನು ಮಾಡಬಹುದು, ಏನು ಮಾಡಬಾರದು ಎಂಬುದರ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ. ಕಡೂರಿನ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿರುವ ನನಗೆ ಇದು ದೆಹಲಿಯ ಸಂಗತಿ ಎಂದು ಅನಿಸುವುದಿಲ್ಲ.

ಮೊದಲು ಸರ್ಕಾರದ ಕಡೆಯ ಮಾತನ್ನು ಪೂರ್ತಿಯಾಗಿ ಹೇಳಿಬಿಡುತ್ತೇನೆ. ತನ್ನ ನೆಲದಲ್ಲಿ ಯಾವ ವಿದೇಶಿ ಇರಬಹುದು, ಯಾರು ಇರಬಾರದು ಎಂದು ತೀರ್ಮಾನಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ. ಜರ್ಮನಿಯ ಪ್ರಜೆಯೊಬ್ಬನ ಪ್ರಕರಣದಲ್ಲಿ 1955ರಲ್ಲೇ ನಮ್ಮ ಸುಪ್ರೀಂ ಕೋರ್ಟ್, ವಿದೇಶಿಯರನ್ನು ಹೊರಕಳಿಸುವ ಸರ್ಕಾರದ ಅಧಿಕಾರಕ್ಕೆ ಕಡಿವಾಣವಿಲ್ಲ ಎಂಬ ಅರ್ಥದ ಮಾತು ಹೇಳಿತು. ಬಾಂಗ್ಲಾದೇಶದೊಂದಿಗೆ ನಮಗೆ 4,096 ಕಿಲೋಮೀಟರ್ ಗಡಿ ಇದೆ; ಹೊಳೆ, ಕೆಸರು, ಗದ್ದೆಯ ನಡುವೆ ಹಾದುಹೋಗುವ ಗಡಿ. ಅದನ್ನು ದಾಟಿ ಬಂದವರಿದ್ದಾರೆ, ಸುಳ್ಳು ದಾಖಲೆ ಮಾಡಿಸಿಕೊಂಡವರಿದ್ದಾರೆ, ಹಾಗೆ ಮಾಡಿಸಿಕೊಟ್ಟು ದುಡ್ಡು ಮಾಡಿದ ದಲ್ಲಾಳಿಗಳೂ ಇದ್ದಾರೆ. 1946ರ ವಿದೇಶಿಯರ ಕಾಯಿದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ ಜಾರಿಗೆ ಬಂದಿದೆ. ಹಳೆಯದರಲ್ಲೂ ಹೊಸದರಲ್ಲೂ, ತಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಹೊಣೆ ಆಪಾದನೆಗೆ ಗುರಿಯಾದವನ ಮೇಲೆಯೇ ಇದೆ.

ಇನ್ನು ಸಂವಿಧಾನದ ಮಾತು. ವಾಕ್ ಸ್ವಾತಂತ್ರ್ಯ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು, ಇಂಥವು ಭಾರತದ ಪೌರರಿಗೆ ಮಾತ್ರ. ಆದರೆ 14ನೇ ವಿಧಿಯ ಸಮಾನತೆ ಮತ್ತು 21ನೇ ವಿಧಿಯ ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸೇರಿದ್ದು. ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು: ಪೌರನಾಗಲಿ ಆಗದಿರಲಿ, ಅವನ ಜೀವ ಕಾಯುವುದು ರಾಜ್ಯದ ಹೊಣೆ. 22ನೇ ವಿಧಿಯೂ ಹಾಗೆಯೇ. ಯಾರನ್ನೇ ಬಂಧಿಸಲಿ, ಕಾರಣ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ತನ್ನಿಷ್ಟದ ವಕೀಲರನ್ನು ಕಾಣಲು ಬಿಡಬೇಕು. ಮುನ್ನೆಚ್ಚರಿಕೆಯ ಬಂಧನ ಬಿಟ್ಟರೆ, ಈ ರಕ್ಷಣೆ ಇಲ್ಲದಿರುವುದು ಶತ್ರುದೇಶದ ಪ್ರಜೆಗೆ ಮಾತ್ರ.

ಹೊರಕಳಿಸುವ ಅಧಿಕಾರ ಇದೆ. ಆದರೆ ಆ ಅಧಿಕಾರ ಕಾನೂನಿನ ದಾರಿಯಲ್ಲೇ ನಡೆಯಬೇಕು. ಸರ್ಕಾರದ ನೀತಿಗೆ ಸಂಖ್ಯೆ ಬೇಕು, ವೇಗ ಬೇಕು. ಕಾನೂನು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸು ಎನ್ನುತ್ತದೆ. ತಿಕ್ಕಾಟ ಹುಟ್ಟುವುದು ಇಲ್ಲಿ. ಆ ವಿಚಾರಣೆಯನ್ನು ಬಿಟ್ಟುಬಿಟ್ಟರೆ ಮೊದಲ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ.

2020ರ ಜನವರಿ. ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ. ಖಾಸಗಿ ಜಮೀನಿನಲ್ಲಿ ತಗಡು, ಪ್ಲಾಸ್ಟಿಕ್ ಶೀಟಿನ ಗುಡಿಸಲುಗಳು. ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು, ಕಾವಲು ಕಾಯುವವರು, ಕಟ್ಟಡ ಕೆಲಸದವರು ಅಲ್ಲಿದ್ದರು. ಇಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರು ಎಂಬ ಸುದ್ದಿ ಹಬ್ಬಿತು. ಪೊಲೀಸರಿಂದ ಜಮೀನಿನ ಮಾಲೀಕರಿಗೆ ನೋಟಿಸು ಹೋಯಿತು. ಜೆಸಿಬಿ ಬಂತು. ಗುಡಿಸಲು ನೆಲಸಮವಾದವು. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದಿದ್ದ ಕನ್ನಡದವರೂ ಇದ್ದರು. ಆಧಾರ್ ಕಾರ್ಡು, ಮತದಾರರ ಚೀಟಿ ಕೈಯಲ್ಲಿ ಹಿಡಿದು ಅವಶೇಷಗಳ ಮಧ್ಯೆ ನಿಂತಿದ್ದರು. ಮಾನವ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟು, ಪೊಲೀಸರಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿತು, ಮನೆ ಕಳೆದುಕೊಂಡವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ವಿದೇಶಿಯರನ್ನು ಹುಡುಕಲು ಹೊರಟ ಕೈ ಸ್ವಂತ ನಾಡಿನವರ ಮನೆ ಕೆಡವಿತ್ತು.

ಎರಡು ವರ್ಷ ಕಳೆದ ಮೇಲೆ, 2022ರ ಜುಲೈ ಕೊನೆಯಲ್ಲಿ, ಬೆಂಗಳೂರಿನಲ್ಲೇ ಇನ್ನೊಂದು ನಡೆಯಿತು. ಪಶ್ಚಿಮ ಬಂಗಾಳದ ಪೂರ್ವ ಬರ್ಧಮಾನ್ ಜಿಲ್ಲೆಯಿಂದ ಕೂಲಿಗೆ ಬಂದಿದ್ದ ಗಂಡ ಹೆಂಡತಿಯನ್ನು ಬಾಂಗ್ಲಾದೇಶದವರೆಂಬ ಅನುಮಾನದ ಮೇಲೆ ವಿದೇಶಿಯರ ಕಾಯಿದೆಯಡಿ ಬಂಧಿಸಿದರು. ಅವರ ಜತೆ ಇನ್ನೂ ಸರಿಯಾಗಿ ಮಾತು ಬಾರದ ಮಗು. ತಮ್ಮದು ಯಾವ ಊರು, ಯಾವ ಪಂಚಾಯಿತಿ ಎಂದು ಅವರು ಹೇಳಿದರು. ತನಿಖೆಗೆ ಪೊಲೀಸರು ಆ ಊರಿಗೂ ಹೋಗಿಬಂದರು. ಆದರೂ ಅವರು ಹೊರಗೆ ಬಂದದ್ದು 301 ದಿನ ಆದ ಮೇಲೆ. ಜಾಮೀನು ಆದೇಶವಾದ ಮೇಲೂ ತಕ್ಷಣ ಬಿಡುಗಡೆ ಆಗಲಿಲ್ಲ. ಯಾಕೆಂದು ಯಾವ ತಾಲ್ಲೂಕು ವಕೀಲನಾದರೂ ಹೇಳಿಯಾನು. ಜಾಮೀನುದಾರನ ಪಹಣಿ ಬೇಕು. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ಬಂದವನಿಗೆ ತನ್ನ ಪಹಣಿ ಕೋರ್ಟಿನಲ್ಲಿಟ್ಟು ಸಹಿ ಹಾಕುವ ನಂಟ ಎಲ್ಲಿ ಸಿಗಬೇಕು? ಆ ಮಗು ನಡೆಯಲು, ಓಡಲು, ಮಾತನಾಡಲು ಕಲಿಯುವ ಹತ್ತು ತಿಂಗಳು ಜೈಲಿನಲ್ಲಿ ಕಳೆದವು. ಆ ಹತ್ತು ತಿಂಗಳನ್ನು ಯಾವ ಆದೇಶದಿಂದಲೂ ವಾಪಸು ಕೊಡಲಾಗುವುದಿಲ್ಲ.

ಆದರೂ ಅವರಿಗೆ ಒಂದು ಕೋರ್ಟು ಇತ್ತು, ವಕೀಲರಿದ್ದರು, ಹಾಗಾಗಿ ಊರು ಸೇರಿದರು. ಆ ಒಂದು ಮೆಟ್ಟಿಲೂ ಇಲ್ಲದಿದ್ದರೆ? 2025ರ ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಹೀಗೇ ಆಯಿತು. ಬಂಗಾಳದ ಬೀರ್‌ಭೂಮ್ ಜಿಲ್ಲೆಯಿಂದ ಬಂದು ಚಿಂದಿ ಆಯುವ ಕೆಲಸ ಮಾಡಿಕೊಂಡಿದ್ದ ಎರಡು ಕುಟುಂಬಗಳ ಆರು ಜನರನ್ನು ಹಿಡಿದು, ಕೆಲವೇ ದಿನಗಳಲ್ಲಿ ಬಾಂಗ್ಲಾದೇಶದ ಗಡಿಯಾಚೆ ದಬ್ಬಿದರು. ಅವರಲ್ಲಿ ಒಬ್ಬಾಕೆ ಬಸುರಿ, ಜತೆಗೆ ಎಂಟು ವರ್ಷದ ಮಗ. ಗಡಿಯಾಚೆ ಅವರನ್ನು ಅಕ್ರಮವಾಗಿ ನುಗ್ಗಿದ ಭಾರತೀಯರೆಂದು ಹಿಡಿದು ಜೈಲಿಗೆ ಹಾಕಿದರು. ಈ ದೇಶ ನೀನು ನಮ್ಮವಳಲ್ಲ ಎಂದಿತು, ಆ ದೇಶವೂ ಅದನ್ನೇ ಅಂದಿತು. ಗೃಹ ಸಚಿವಾಲಯ ಅದೇ ವರ್ಷ ಮೇ 2ರಂದು ಹೊರಡಿಸಿದ್ದ ಸುತ್ತೋಲೆಯಲ್ಲಿ, ಅನುಮಾನ ಬಂದವರ ಸ್ವಂತ ರಾಜ್ಯದಿಂದ ವಿಚಾರಣೆಯ ವರದಿ ತರಿಸಲು 30 ದಿನದ ಅವಕಾಶ ಇತ್ತು. ಅಷ್ಟು ದಿನ ಕಾಯಲಿಲ್ಲ. ಸೆಪ್ಟೆಂಬರ್ 26ರಂದು ಕಲ್ಕತ್ತಾ ಹೈಕೋರ್ಟು ಆ ಗಡೀಪಾರನ್ನು ರದ್ದು ಮಾಡಿ, ತಿಂಗಳೊಳಗೆ ಕರೆತನ್ನಿ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಮಾನವೀಯತೆಯ ನೆಲೆಯಲ್ಲಿ ಆ ಹೆಣ್ಣುಮಗಳು ಮತ್ತು ಮಗ ವಾಪಸು ಬಂದದ್ದು ಡಿಸೆಂಬರಿನಲ್ಲಿ, ಹೆರಿಗೆ ಸಮೀಪಿಸಿದಾಗ.

30 ದಿನ ಎಂದರೆ ಬಹಳವೇನಲ್ಲ. ನಮ್ಮ ಪೈಕಿ ಯಾರಾದರೂ ಹೊರರಾಜ್ಯದಲ್ಲಿ ಹೀಗೆ ಸಿಕ್ಕಿಬಿದ್ದರೆ ಆ 30 ದಿನದಲ್ಲಿ ಏನನ್ನು ಒದಗಿಸಬಲ್ಲೆವು ಎಂದು ಯೋಚಿಸಿ ನೋಡಿ. ಪೌರತ್ವ ಕಾಯಿದೆಯ ಪ್ರಕಾರ 1987ರ ಜುಲೈ 1ಕ್ಕೆ ಮುಂಚೆ ಗಣರಾಜ್ಯ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅಲ್ಲಿಂದ 2004ರ ಡಿಸೆಂಬರ್ 3ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಸರಿ, ಎಲ್ಲಿ ಹುಟ್ಟಿದೆ ಎಂಬುದಕ್ಕೆ ದಾಖಲೆ? ಜನನ ಮರಣ ನೋಂದಣಿ ಕಾಯಿದೆ ಬಂದದ್ದೇ 1969ರಲ್ಲಿ. ನಮ್ಮ ಹೋಬಳಿಯಲ್ಲಿ ಐವತ್ತು ದಾಟಿದ ಎಷ್ಟು ಜನರ ಹತ್ತಿರ ಜನನ ಪತ್ರ ಇದೆ? ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಮುಖ ನೋಡಿ ಜೂನ್ 1 ಎಂದು ಬರೆದುಕೊಂಡ ತಾರೀಕೇ ಎಷ್ಟೋ ಜನರಿಗೆ ಹುಟ್ಟಿದ ದಿನ. ಶಾಲೆಯ ಮೆಟ್ಟಿಲು ಹತ್ತದ, ತುಂಡು ಭೂಮಿಯೂ ಇಲ್ಲದ ತಾಂಡಾದ ಅಜ್ಜಿಗೆ ಅದೂ ಇಲ್ಲ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯಿದೆಯೇ ಹೇಳುತ್ತದೆ. ಊರಿನಲ್ಲಿ ಎಲ್ಲರೂ ಬಲ್ಲ ಆ ಅಜ್ಜಿಯನ್ನು ಕಾಗದದ ಮೇಲೆ ಭಾರತೀಯಳೆಂದು ತೋರಿಸುವುದು ಮಾತ್ರ ಸುಲಭವಿಲ್ಲ.

ಕಾಗದ ಇದ್ದರೂ ಅಕ್ಷರ ಕೈಕೊಡುತ್ತದೆ. ಬೆಟ್ಟದ ಕೆಳಗಿನ ತೋಟವೊಂದರ ರೈಟರು ಒಮ್ಮೆ ನನ್ನ ಆಫೀಸಿಗೆ ಒಬ್ಬ ಹುಡುಗನನ್ನು ಕರೆತಂದರು. ಅಸ್ಸಾಮಿನ ಬರಪೇಟಾ ಜಿಲ್ಲೆಯವನು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ಆಧಾರ್, ಪ್ಯಾನ್ ಕಾರ್ಡು, ಅಪ್ಪನ ಮತದಾರರ ಚೀಟಿಯ ಜೆರಾಕ್ಸು, ಅಜ್ಜನ ಹೆಸರಿದ್ದ ಹಳೆಯ ಮತದಾರರ ಪಟ್ಟಿಯ ನಕಲು. ಮಡಿಕೆ ಬಿದ್ದ ಕಡೆ ಸೆಲೋಟೇಪು ಅಂಟಿಸಿದ್ದ. ಅಪ್ಪನ ಹೆಸರು ಮೂರು ಕಡೆ ಮೂರು ಬಗೆ. "ಸಾರ್, ಎಲ್ಲ ಒಂದೇ ಮನುಷ್ಯ ಸಾರ್," ಎಂದ, ಕಲಿತ ಹರಕು ಕನ್ನಡದಲ್ಲಿ. ರೈಟರು, "ಕೆಲಸದಲ್ಲಿ ಬಂಗಾರದಂಥ ಹುಡುಗ ಸ್ವಾಮಿ, ಇವನಿಗೇನೂ ಆಗಬಾರದು, ಏನು ಮಾಡಿಸಬೇಕು ಹೇಳಿ," ಎಂದರು. ಇಪ್ಪತ್ತರ ಆಸುಪಾಸಿನ ಹುಡುಗ ಅಜ್ಜನ ಕಾಲದ ಕಾಗದವನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟುಕೊಂಡು ದೇಶದ ಇನ್ನೊಂದು ತುದಿಗೆ ಕಾಫಿ ಕೊಯ್ಯಲು ಬರುತ್ತಾನೆ ಎಂಬುದನ್ನು ನೋಡಿ ನನಗೆ ಮಾತು ಹೊರಡಲಿಲ್ಲ.

ಅವನ ಭಯಕ್ಕೆ ಕಾರಣವಿದೆ. ಅವನ ರಾಜ್ಯದ ನಲ್ಬಾರಿ ಜಿಲ್ಲೆಯ ಒಬ್ಬರನ್ನು ಅಲ್ಲಿನ ನ್ಯಾಯಮಂಡಳಿ ವಿದೇಶಿ ಎಂದು ಸಾರಿತ್ತು. ದಾಖಲೆಗಳಲ್ಲಿ ಹೆಸರಿನ ಅಕ್ಷರ, ತಾರೀಕು ಹೊಂದಲಿಲ್ಲ ಎಂಬುದು ಕಾರಣ. 2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಅವರು ಭಾರತೀಯರೇ ಎಂದಿತು. ಸಣ್ಣಪುಟ್ಟ ಅಕ್ಷರದ ವ್ಯತ್ಯಾಸ ಹಿಡಿದು ಪೌರತ್ವ ಕಿತ್ತುಕೊಳ್ಳಬಾರದು, ಕೈಯಲ್ಲಿ ಏನೂ ಆಧಾರವಿಲ್ಲದೆ ಯಾರನ್ನೋ ಹಿಡಿದು ನೀನು ಭಾರತೀಯನೆಂದು ತೋರಿಸು ಎನ್ನುವಂತಿಲ್ಲ ಎಂದೂ ಹೇಳಿತು. ಬಹಳ ದೊಡ್ಡ ತೀರ್ಪು. ಅದು ಬರುವ ಹೊತ್ತಿಗೆ ಆ ಮನುಷ್ಯ ತೀರಿಹೋಗಿದ್ದರು.

ಈ ಕಷ್ಟಕ್ಕೆ ಒಂದು ಪರಿಹಾರ ನಮ್ಮ ಕಾರ್ಮಿಕ ಕಾನೂನಿನಲ್ಲೇ ಇತ್ತು. ನಾವು ಅದನ್ನು ಬಳಸಲಿಲ್ಲ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂತು. ಗುತ್ತಿಗೆದಾರನ ಮೂಲಕ ಹೊರರಾಜ್ಯದ ಐದು ಅಥವಾ ಹೆಚ್ಚು ಜನ ದುಡಿಯುವ ಕಡೆ ಅದು ಅನ್ವಯಿಸುತ್ತಿತ್ತು. ಗುತ್ತಿಗೆದಾರ ಪ್ರತಿಯೊಬ್ಬ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಎಲ್ಲಿ ಕೆಲಸ, ಎಷ್ಟು ದಿನಕ್ಕೆ, ಕೂಲಿ ಎಷ್ಟು, ಊರು ಬಿಟ್ಟು ಬಂದದ್ದಕ್ಕೆ ಭತ್ಯೆ ಎಷ್ಟು, ವಾಪಸು ಹೋಗುವ ಖರ್ಚೆಷ್ಟು, ಹಿಡಿದುಕೊಂಡ ಹಣವೆಷ್ಟು, ಎಲ್ಲವೂ ಅದರಲ್ಲಿರಬೇಕಿತ್ತು. ಅವನು ಹೊರಟ ರಾಜ್ಯಕ್ಕೂ ಬಂದ ರಾಜ್ಯಕ್ಕೂ ಲೆಕ್ಕ ಹೋಗಬೇಕಿತ್ತು. ಈಗ ಈ ಕಾಯಿದೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಇಷ್ಟು ವರ್ಷದ ವಕೀಲಿಯಲ್ಲಿ ಅಂಥದೊಂದು ಪಾಸ್‌ಬುಕ್ಕನ್ನು ನಾನು ಕಣ್ಣಾರೆ ನೋಡಿಲ್ಲ. ಮೇಸ್ತ್ರಿ ಫೋನಿನಲ್ಲಿ ಆಳು ಗೊತ್ತುಮಾಡುತ್ತಾನೆ, ಫಸಲು ಗುತ್ತಿಗೆ ಹಿಡಿದ ಚೇಣಿದಾರರು ಮೇಸ್ತ್ರಿಯ ಕೈಗೆ ದುಡ್ಡು ಕೊಡುತ್ತಾರೆ, ಆಳಿನ ಹೆಸರು ಯಾವ ಪುಸ್ತಕದಲ್ಲೂ ಏರುವುದಿಲ್ಲ. ಹೀಗೆ ದುಡಿಸಿಕೊಂಡವರೇ, ಪೊಲೀಸರು ಬಂದಾಗ, "ಇವರು ಯಾರೋ ನಮಗೆ ಗೊತ್ತಿಲ್ಲ ಸ್ವಾಮಿ" ಎಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ? ಕೂಲಿ ಲೆಕ್ಕ ಸರಿಯಾಗಿ ಬರೆದಿದ್ದರೆ ಅದೇ ಅವನ ಪರವಾಗಿ ಮೊದಲ ಸಾಕ್ಷಿ ಆಗುತ್ತಿತ್ತು.

ಗಡೀಪಾರಾದವರನ್ನು ನಮ್ಮ ನಾಡು ಬರಮಾಡಿಕೊಂಡದ್ದೂ ಉಂಟು. ಸುಳ್ಯ, ಪುತ್ತೂರಿನ ಕಡೆ ಹೋದವರು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳನ್ನು ನೋಡಿರುತ್ತೀರಿ. ಅಲ್ಲಿ ರಬ್ಬರ್ ಹಾಲು ತೆಗೆಯುವ ತಮಿಳು ಕುಟುಂಬಗಳು ಸಿಲೋನಿನಿಂದ ಬಂದವು. ಬ್ರಿಟಿಷರ ಕಾಲದಲ್ಲಿ ಟೀ ತೋಟಗಳಿಗೆಂದು ತಮಿಳುನಾಡಿನಿಂದ ಹೋದವರ ಮೊಮ್ಮಕ್ಕಳು ಅವರು. ಸ್ವತಂತ್ರ ಸಿಲೋನ್ 1948ರಲ್ಲಿ ಮಾಡಿದ ಪೌರತ್ವ ಕಾನೂನು ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಲೆಕ್ಕ ಆಮೇಲೆ. ಮನುಷ್ಯರನ್ನು ಕೇಳುವ ಮುಂಚೆ ಸಂಖ್ಯೆ ನಿಶ್ಚಯವಾಗಿತ್ತು. ಹುಟ್ಟಿದ ಮನೆ, ಬೆಳೆಸಿದ ಗಿಡ, ಅಪ್ಪ ಅಮ್ಮನ ಸಮಾಧಿ ಬಿಟ್ಟು, ಕಂಡರಿಯದ ದೇಶಕ್ಕೆ ವಾಪಸು ಬಂದರು. ಅವರಿಗೆ ಇಲ್ಲಿ ಕೆಲಸ, ಸೂರು ಸಿಕ್ಕಿತು. ಅದು ಸರ್ಕಾರ ಮಾಡಿದ ಒಳ್ಳೆಯ ಕೆಲಸ. ಆದರೂ ಎರಡನೆಯ, ಮೂರನೆಯ ತಲೆಮಾರಿನವರೂ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯಬೇಕಾಯಿತು. ಒಂದು ಒಪ್ಪಂದದ ಗಾಯ ಎಷ್ಟು ಕಾಲ ಉಳಿಯುತ್ತದೆ ನೋಡಿ. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರಿಗೆ ಜಮೀನು ಕೊಟ್ಟ ರಾಜ್ಯ ನಮ್ಮದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ನಿರಾಶ್ರಿತರ ಬಗ್ಗೆ ಕಾನೂನೇ ಇಲ್ಲದ ದೇಶದಲ್ಲಿ ಒಂದು ಸರ್ಕಾರ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಇಷ್ಟು ಹೊತ್ತು ತಪ್ಪಾಗಿ ಸಿಕ್ಕಿಬಿದ್ದ ಭಾರತೀಯರ ಮಾತಾಯಿತು. ನಿಜವಾಗಿಯೂ ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಿ ಬಂದವನ ಗತಿ ಏನು? ಅವನನ್ನು ಕಳಿಸಬಹುದು. ಅವನ ದೇಶದ ರಾಯಭಾರ ಕಚೇರಿಗೆ ವಿಳಾಸ ಬರೆದು, ಅವರು ಹೌದು ನಮ್ಮವನೇ ಎಂದ ಮೇಲೆ, ಪ್ರಯಾಣದ ಪತ್ರ ಮಾಡಿಸಿ ಗೌರವದಿಂದ ಒಪ್ಪಿಸುವುದು ಕ್ರಮ. ಅಲ್ಲಿಯವರೆಗೆ ಇಟ್ಟುಕೊಳ್ಳಲು ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವನ್ನೇ ಬದಲಾಯಿಸಿ ವಿದೇಶಿಯರ ಕೇಂದ್ರ ಮಾಡಿದರು. ಬಡ ಮಕ್ಕಳು ಓದಲೆಂದು ಕಟ್ಟಿದ ಕಟ್ಟಡಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಬಂತು. 2020ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು, ಇಂಥ ಕೇಂದ್ರಗಳಲ್ಲಿ ಇರುವವರಿಗೂ 21ನೇ ವಿಧಿಯ ಘನತೆಯ ಬದುಕು ಸಲ್ಲಬೇಕು ಎಂದು ಹೇಳಿ, ಹೆಂಗಸರು, ಮಕ್ಕಳ ಪಾಲನೆ ಹೇಗಿರಬೇಕೆಂದು ವಿವರವಾಗಿ ನಿರ್ದೇಶನ ಕೊಟ್ಟರು. ಕಳಿಸಲೂ ಆಗದೆ ಬಿಡಲೂ ಆಗದೆ ವರ್ಷಗಟ್ಟಲೆ ಕೂಡಿಹಾಕುವುದು ಇನ್ನೊಂದು ಅನ್ಯಾಯ. 2025ರ ಫೆಬ್ರವರಿಯಲ್ಲಿ ಅಸ್ಸಾಮಿನ ಕೇಂದ್ರದಲ್ಲಿದ್ದ 63 ಜನರ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ, ಬೆಂಗಳೂರಿನ ತೆರವಿಗೆ ತಡೆ ಕೊಟ್ಟಿದ್ದ ಅದೇ ನ್ಯಾಯಮೂರ್ತಿ ಓಕಾ ಅವರು ಪೀಠದಲ್ಲಿದ್ದರು. ವಿಳಾಸ ಗೊತ್ತಿಲ್ಲ ಎಂಬ ನೆಪದಲ್ಲಿ ಯಾರನ್ನೂ ಕೊನೆಯಿಲ್ಲದೆ ಕೂಡಿಹಾಕುವಂತಿಲ್ಲ, ಕಳಿಸುವುದಾದರೆ ಕಳಿಸಿ ಎಂದು ಗದರಿದರು. ಎರಡೂ ಸಂದರ್ಭದಲ್ಲಿ ಅವರು ಕೇಳಿದ್ದು ಒಂದೇ: ಕಾನೂನಿನ ಪ್ರಕಾರ ಮಾಡಿ.

ಕಳಿಸಿದರೆ ಕೊಲ್ಲುತ್ತಾರೆ ಎಂಬ ಭಯ ಇರುವವನ ವಿಷಯ ಇದಕ್ಕಿಂತ ಕಠಿಣ. ಜೀವಕ್ಕೆ ಅಪಾಯ ಇರುವ ಕಡೆಗೆ ಯಾರನ್ನೂ ವಾಪಸು ದಬ್ಬಬಾರದು ಎಂಬುದು ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಡಂಬಡಿಕೆಯ ಜೀವಾಳ. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು 1979ರಲ್ಲಿ ಒಪ್ಪಿದೆವು. ಆದರೆ ವಿದೇಶಿಯರನ್ನು ಹೊರಹಾಕುವ ಬಗೆಗಿನ ಅದರ 13ನೇ ವಿಧಿಗೆ ಬಂದಾಗ, ನಮ್ಮ ಕಾನೂನನ್ನೇ ಅನ್ವಯಿಸುತ್ತೇವೆ ಎಂದು ಷರತ್ತು ಬರೆದೆವು. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದರೂ ಇನ್ನೂ ಅನುಮೋದಿಸಿಲ್ಲ. ಹಾಗೆಂದು ನಮ್ಮ ಕೋರ್ಟುಗಳು ಕೈಕಟ್ಟಿ ಕೂತಿಲ್ಲ. ಗುಜರಾತ್ ಹೈಕೋರ್ಟು 1998ರಲ್ಲಿ, ಮಣಿಪುರ ಹೈಕೋರ್ಟು 2021ರಲ್ಲಿ, ಈ ರಕ್ಷಣೆ 21ನೇ ವಿಧಿಯ ಒಳಗೇ ಇದೆ ಎಂದವು. ಅದೇ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಗಡೀಪಾರಾಗದಿರುವ ಹಕ್ಕು ನೆಲೆಸುವ ಹಕ್ಕಿನ ಜತೆಗಿನದು, ಅದು ಪೌರರಿಗೆ ಮಾತ್ರ ಎಂದು ಹೇಳಿ, ಕ್ರಮಬದ್ಧ ವಿಧಾನ ಪಾಲಿಸದೆ ಕಳಿಸಬಾರದು ಎಂಬಲ್ಲಿಗೆ ನಿಲ್ಲಿಸಿತು. ಬೆಂಗಳೂರಿನಲ್ಲಿ ಗುರುತಿಸಿದ 72 ರೋಹಿಂಗ್ಯಾಗಳನ್ನು ಕಳಿಸುವ ತಕ್ಷಣದ ಯೋಜನೆ ಇಲ್ಲ ಎಂದು ನಮ್ಮ ಗೃಹ ಇಲಾಖೆ ಆ ವರ್ಷ ಅಕ್ಟೋಬರಿನಲ್ಲಿ ಪ್ರಮಾಣಪತ್ರ ಸಲ್ಲಿಸಿ, ಟೀಕೆ ಬಂದೊಡನೆ ಅದನ್ನು ಬದಲಾಯಿಸಿ, ಕೋರ್ಟು ಹೇಳಿದಂತೆ ನಡೆಯುತ್ತೇವೆ ಎಂದಿತು. ಅವರು ನಿರಾಶ್ರಿತರೋ ಅಕ್ರಮವಾಗಿ ಬಂದವರೋ ಎಂಬ ಮೂಲ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಬರೆದುಕೊಂಡದ್ದು 2025ರ ಜುಲೈ ಕೊನೆಯಲ್ಲಿ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಜೀವದ ಹಕ್ಕು ಎಲ್ಲರಿಗೂ ಇದೆ ಎಂದ ಮೇಲೆ, ಸಾವಿನ ಬಾಯಿಗೆ ಕಳಿಸಲು ಯಾವ ವಿಧಾನವೂ ಕ್ರಮಬದ್ಧ ಆಗಲಾರದು.

ಬೇರೆ ದೇಶಗಳಲ್ಲೂ ಇದೇ ಜಗ್ಗಾಟ. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಸಾಗಿಸುವ ಬ್ರಿಟನ್ ಸರ್ಕಾರದ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರ ನವೆಂಬರಿನಲ್ಲಿ ಕಾನೂನುಬಾಹಿರ ಎಂದಿತು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿದಾಗ, ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿದ ಚಿತ್ರ ನೋಡಿ ನಾವೆಲ್ಲ ಕುದಿದೆವು. ಕುದಿಯಬೇಕಾದದ್ದೇ. ಅವರು ಕಾನೂನು ಮೀರಿ ಹೋದವರಾಗಿದ್ದರೂ ಹಾಗೆ ಕಳಿಸಬಾರದಿತ್ತು ಎಂದು ಸಂಸತ್ತಿನಲ್ಲೂ ಬೀದಿಯಲ್ಲೂ ಮಾತಾಯಿತು. ಬೆಂಗಳೂರಿನಿಂದ 2019ರ ನವೆಂಬರಿನಲ್ಲಿ ಸುಮಾರು 60 ಜನರನ್ನು, ಮಕ್ಕಳೂ ಸೇರಿದಂತೆ, ಪೊಲೀಸ್ ಕಾವಲಿನಲ್ಲಿ ರೈಲು ಹತ್ತಿಸಿ ಹೌರಾಕ್ಕೆ, ಅಲ್ಲಿಂದ ಗಡಿಗೆ ಕಳಿಸಿದಾಗಲೂ ನಮ್ಮಲ್ಲಿ ಅಷ್ಟೇ ಸಂಕಟ ಹುಟ್ಟಬೇಕಿತ್ತು.

ಸರ್ಕಾರ ಏನು ಮಾಡಬೇಕು? ಕರ್ನಾಟಕ ತನ್ನದೇ ಒಂದು ಲಿಖಿತ ಕಾರ್ಯವಿಧಾನ ಹೊರಡಿಸಲಿ. ಅನುಮಾನ ಬಂದರೆ ಅದಕ್ಕೆ ಆಧಾರವೇನೆಂದು ಬರೆದ ನೋಟಿಸು, ಆ ಮನುಷ್ಯ ಓದಬಲ್ಲ ಬಂಗಾಳಿಯಲ್ಲೋ ಅಸ್ಸಾಮಿಯಲ್ಲೋ ಇರಲಿ. ಅವನ ಊರಿನ ಜಿಲ್ಲಾಡಳಿತದಿಂದ ಉತ್ತರ ಬರುವ ತನಕ ಯಾರನ್ನೂ ಗಡಿಯ ಕಡೆ ಸಾಗಿಸದಿರಲಿ. ಮೊದಲ ದಿನವೇ ಕಾನೂನು ನೆರವು ಸಿಗಲಿ. ಜಾಮೀನಿಗೆ ಪಹಣಿಯೇ ಬೇಕೆಂಬ ಹಟ ಬೇಡ.

ತೋಟದವರಿಗೆ, ಚೇಣಿದಾರರಿಗೆ ನನ್ನದೊಂದು ಕೋರಿಕೆ. ಆಳುಗಳ ಮೂಲ ದಾಖಲೆ ಕಿತ್ತಿಟ್ಟುಕೊಳ್ಳಬೇಡಿ. ಜೆರಾಕ್ಸ್ ತೆಗೆದುಕೊಂಡು ಮೂಲವನ್ನು ಅವರ ಕೈಗೇ ಕೊಡಿ. ಕೂಲಿ ಲೆಕ್ಕ ಅವರವರ ಹೆಸರಿನಲ್ಲೇ ಬರೆಯಿರಿ. ಪೊಲೀಸರು ವಿಚಾರಿಸಲು ಬಂದರೆ ಸಹಕರಿಸಿ, ಜತೆಗೆ ಠಾಣೆಗೆ ಹೋಗಿ, ಯಾವಾಗ ಕರೆದೊಯ್ದರು ಎಂದು ಗುರುತು ಹಾಕಿಕೊಳ್ಳಿ. 24 ಗಂಟೆಯ ಲೆಕ್ಕ ಆಗಿನಿಂದಲೇ ಶುರುವಾಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು, ಅದಕ್ಕೆ ಆದಾಯದ ಮಿತಿಯಿಲ್ಲ. ಕಡೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬನ್ನಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಸಿಕ್ಕಿಬಿದ್ದವನೇ ಕರೆ ಮಾಡಬೇಕೆಂದಿಲ್ಲ, ಅವನ ಪರವಾಗಿ ನೀವೂ ಮಾಡಬಹುದು. ಈ ಸಲದ ಕೊಯ್ಲಿಗೆ ಆಳುಗಳು ಬಂದಿಳಿದ ವಾರದಲ್ಲೇ ಅವರ ಊರಿನ ಪಂಚಾಯಿತಿಯ, ಠಾಣೆಯ, ಮನೆಯವರ ಫೋನ್ ನಂಬರುಗಳನ್ನು ಕೇಳಿ, ಕೂಲಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.